ರೂಪಾಯಿಗೆ ಹನ್ನೆರಡಾಣೆ ಕಡಿಮೆ: ನರ್ಸಿಂಗ್ ಶಿಕ್ಷಣದ ಹೊಣೆ ಹೊತ್ತವರಿಗೆ ಒಂದು ಬಹಿರಂಗ ಪತ್ರ

ನರ್ಸಿಂಗ್ ಪಠ್ಯಕ್ರಮವನ್ನು ರೂಪಿಸುವ, ಪರೀಕ್ಷೆಗಳನ್ನು ನಡೆಸುವ ಹಿರಿಯರಿಗೆ, ಕಲ್ಯಾಣ ಕರ್ನಾಟಕದ ನರ್ಸಿಂಗ್ ಕಾಲೇಜುಗಳ ಪ್ರಾಂಶುಪಾಲರಿಗೆ, ನಮಗೆ ಪಾಠ ಹೇಳುವ ಎಲ್ಲ ಗುರುಗಳಿಗೆ ನಮಸ್ಕಾರಗಳು.

ಸ್ತ್ರೀರೋಗ ವಾರ್ಡಿನಲ್ಲಿ ಅದು ನನ್ನ ಮೂರನೆಯ ವಾರ. ಸಿರುಗುಪ್ಪ ಕಡೆಯ ಒಬ್ಬ ಹಿರಿಯ ಹೆಂಗಸಿಗೆ ಗರ್ಭಕೋಶದ ಆಪರೇಷನ್ ಆಗಿ ಎರಡು ದಿನವಾಗಿತ್ತು. ಹಾಸಿಗೆಯ ಪಕ್ಕ ನಿಂತು ಪುಸ್ತಕದಲ್ಲಿ ಇರುವಂತೆಯೇ ಕೇಳಿದೆ: ‘ಅವ್ವಾ, ನಿಮ್ಮ ನೋವಿಗೆ ಸೊನ್ನೆಯಿಂದ ಹತ್ತರೊಳಗೆ ಎಷ್ಟು ಅಂಕ ಕೊಡುತ್ತೀರಿ?’ ಅವರು ನನ್ನ ಮುಖವನ್ನೇ ನೋಡಿದರು. ನೋವಿಗೆ ಅಂಕ ಕೊಡುವುದು ಎಂದರೆ ಏನೆಂದು ಅವರಿಗೆ ತಿಳಿಯಲಿಲ್ಲ. ನಗುವ ಮುಖದಿಂದ ಅಳುವ ಮುಖದವರೆಗೆ ಚಿತ್ರಗಳಿರುವ ಕಾರ್ಡನ್ನು ತೋರಿಸಿದೆ. ಅದನ್ನು ತಿರುಗಿಸಿ ಮುರುಗಿಸಿ ನೋಡಿ ವಾಪಸು ಕೊಟ್ಟರು. ಸ್ವಲ್ಪ ಹೊತ್ತು ಬಿಟ್ಟು ತಾವಾಗಿಯೇ ಹೇಳಿದರು: ‘ನಿನ್ನೆ ಹದಿನಾರಾಣೆ ಇತ್ತು ಮಗಳೇ. ಈಗ ರೂಪಾಯಿಗೆ ಹನ್ನೆರಡಾಣೆ ಕಡಿಮೆ.’

1957ರಲ್ಲಿ ನಯಾಪೈಸೆ ಬಂದ ಮೇಲೆ ಆಣೆಯ ಕಾಲ ಮುಗಿಯಿತು ಎಂದು ನಾವು ಓದಿದ್ದೇವೆ. ಆದರೆ ನಮ್ಮ ಕಡೆಯ ಹಿರಿಯರ ನೋವಿನ ಲೆಕ್ಕದಲ್ಲಿ ಅದು ಇನ್ನೂ ಚಲಾವಣೆಯಲ್ಲಿದೆ. ಒಂದು ರೂಪಾಯಿಗೆ ಹದಿನಾರಾಣೆ. ಹದಿನಾರರಲ್ಲಿ ನಾಲ್ಕು ಉಳಿದಿದೆ ಎಂದರೆ ಹತ್ತರಲ್ಲಿ ಎರಡೂವರೆ. ಚಾರ್ಟಿನಲ್ಲಿ 3 ಎಂದು ಬರೆದೆ. ಅಂದಿನಿಂದ ಪ್ರತಿ ಪಾಳಿಯಲ್ಲೂ ‘ಅವ್ವಾ, ಇವತ್ತು ಎಷ್ಟಾಣೆ?’ ಎಂದೇ ಕೇಳತೊಡಗಿದೆ. ನಾಲ್ಕನೆಯ ದಿನ ಎರಡಾಣೆ ಎಂದರು. ಐದನೆಯ ದಿನ ಸಂಜೆ ಮುಖ ಕಿವುಚಿಕೊಂಡು, ‘ಮತ್ತೆ ಎಂಟಾಣೆಗೆ ಬಂದಿದೆ, ಒಂದೇ ಕಡೆ ಕುಕ್ಕುತ್ತದೆ’ ಎಂದರು. ಜ್ವರ ಇನ್ನೂ ಬಂದಿರಲಿಲ್ಲ. ಡ್ಯೂಟಿಯಲ್ಲಿದ್ದ ಸಿಸ್ಟರ್‌ಗೆ ಹೇಳಿದೆ. ಅವರು ಡ್ರೆಸ್ಸಿಂಗ್ ಬಿಚ್ಚಿ ನೋಡಿದರೆ ಹೊಲಿಗೆಯ ಒಂದು ತುದಿ ಕೆಂಪಾಗಿ ಬಿಸಿಯಾಗಿತ್ತು, ಮೆಲ್ಲಗೆ ಒತ್ತಿದಾಗ ಕೀವಿನ ಒಂದು ಹನಿ ಕಂಡಿತು. ವೈದ್ಯರು ಬಂದರು, ಔಷಧ ಬದಲಾಯಿತು, ವಾರದೊಳಗೆ ಗಾಯ ಮಾಗಿತು. ಆಪರೇಷನ್ ಆದ ಮೇಲೆ ದಿನದಿಂದ ದಿನಕ್ಕೆ ಇಳಿಯಬೇಕಾದ ನೋವು ತಿರುಗಿ ಏರಿದರೆ ಗಾಯಕ್ಕೆ ನಂಜು ತಗುಲಿರಬಹುದು ಎಂಬ ಮಾತು ನಮ್ಮ ಪಠ್ಯದಲ್ಲಿದೆ. ಆದರೆ ನೋವು ಏರಿದ್ದು ನನಗೆ ಗೊತ್ತಾಗಿದ್ದು ಆ ಅವ್ವನ ಆಣೆಯ ಲೆಕ್ಕದಿಂದ.

ನಾನು ಕೊಪ್ಪಳ ಜಿಲ್ಲೆಯ ಯಲಬುರ್ಗಾ ತಾಲ್ಲೂಕಿನ ಒಂದು ಹಳ್ಳಿಯವಳು. ಬಳ್ಳಾರಿಯಲ್ಲಿ ಬಿ.ಎಸ್ಸಿ. ನರ್ಸಿಂಗ್ ಓದುತ್ತಿದ್ದೇನೆ. ಎಂಟನೆಯ ಸೆಮಿಸ್ಟರ್, ಅಂದರೆ ಇಂಟರ್ನ್‌ಶಿಪ್. ತರಗತಿಗಳು ಮುಗಿದಿವೆ, ಇನ್ನು ಪದವಿ ಕೈಗೆ ಬರುವವರೆಗೂ ವಾರ್ಡೇ ತರಗತಿ. ನನ್ನ ಕಾಲೇಜಿನ ಹೆಸರನ್ನಾಗಲಿ, ನಾನು ಕೆಲಸ ಕಲಿತ ಆಸ್ಪತ್ರೆಗಳ ಹೆಸರನ್ನಾಗಲಿ ಇಲ್ಲಿ ಬರೆಯುವುದಿಲ್ಲ. ನನಗೆ ಅವರ ಮೇಲೆ ದೂರಿಲ್ಲ, ಕಲಿತದ್ದೆಲ್ಲ ಅವರಿಂದಲೇ. ನಾನು ಕೇಳುತ್ತಿರುವುದು ಇಷ್ಟು: ರೋಗಿಯ ಮಾತನ್ನು ಅವರ ಭಾಷೆಯಲ್ಲಿ ಕೇಳಿ ಅರ್ಥ ಮಾಡಿಕೊಳ್ಳುವುದು ಇಂಜೆಕ್ಷನ್ ಕೊಡುವಷ್ಟೇ ದೊಡ್ಡ ಕೌಶಲ. ಅದನ್ನು ನಮ್ಮ ಪದವಿಯಲ್ಲಿ ಕಲಿಸಿ, ಪರೀಕ್ಷಿಸಿ, ಅದಕ್ಕೆ ಅಂಕ ಕೊಡಿ.

‘ಸಂಕಟ’ ಎಂಬ ಒಂದು ಪದದ ಕಥೆ ಹೇಳುತ್ತೇನೆ. ನನ್ನ ಹಾಸ್ಟೆಲ್ ಕೊಠಡಿಯ ಗೆಳತಿ ಕೇರಳದವಳು. ಓದಿನಲ್ಲಿ ನಮಗೆಲ್ಲರಿಗಿಂತ ಮುಂದೆ. ಮೆಡಿಸಿನ್ ವಾರ್ಡಿನಲ್ಲಿ ಒಬ್ಬ ರೈತರು, ಅರವತ್ತು ದಾಟಿದವರು, ಸಕ್ಕರೆ ಕಾಯಿಲೆಗೆ ದಾಖಲಾಗಿದ್ದರು. ಬೆಳಗಿನ ಜಾವ ಅವಳನ್ನು ಕರೆದು, ‘ಅಮ್ಮಾ, ಸಂಕಟವಾಗುತ್ತಿದೆ’ ಎಂದರು. ಮಲಯಾಳಂನಲ್ಲಿ ಸಂಕಟವೆಂದರೆ ದುಃಖ. ಮನೆಯವರನ್ನು ನೆನೆದು ಬೇಸರವಾಗಿದೆ ಎಂದುಕೊಂಡ ಅವಳು ಕುರ್ಚಿ ಎಳೆದುಕೊಂಡು ಅವರ ಕೈ ಹಿಡಿದು ಕೂತಳು. ಅವಳ ಮನಸ್ಸು ಎಷ್ಟು ಒಳ್ಳೆಯದೆಂದು ನನಗೆ ಗೊತ್ತು. ಹಾಗೇ ಐದು ನಿಮಿಷ ಕಳೆದಿರಬೇಕು. ಔಷಧದ ಟ್ರೇ ಹಿಡಿದು ಬಂದ ಸಿಸ್ಟರ್ ಅವರ ಹಣೆಯ ಬೆವರು ನೋಡಿದವರೇ ‘ಎಲ್ಲಿ ಸಂಕಟ ಯಜಮಾನರೇ?’ ಎಂದು ಕೇಳಿದರು. ಅವರು ಎದೆಯ ಗುಂಡಿಗೆಯಿಂದ ಹೊಟ್ಟೆಯ ಮೇಲ್ಭಾಗದವರೆಗೆ ಅಂಗೈ ಸವರಿ ತೋರಿಸಿದರು. ತಕ್ಷಣ ಇಸಿಜಿ ತೆಗೆದರು. ಹೃದಯಾಘಾತ. ಸಕ್ಕರೆ ಕಾಯಿಲೆ ಇರುವವರಲ್ಲಿ ನರಗಳು ಮಂದವಾಗಿ ಎದೆನೋವು ಬಾರದೆಯೂ ಹೃದಯಾಘಾತವಾಗಬಹುದು ಎಂದು ನಾವಿಬ್ಬರೂ ಪರೀಕ್ಷೆಗೆ ಬರೆದಿದ್ದೆವು. ಅದಕ್ಕೆ ಪೂರ್ತಿ ಅಂಕವೂ ಬಂದಿತ್ತು. ಎದೆನೋವಿನ ಬದಲಿಗೆ ಅದು ಯಾವ ಪದವನ್ನು ತೊಟ್ಟು ಬರುತ್ತದೆ ಎಂದು ಮಾತ್ರ ಯಾರೂ ಹೇಳಿರಲಿಲ್ಲ.

ಆ ಹಿರಿಯರು ಬದುಕಿದರು. ಅಂದು ರಾತ್ರಿ ನನ್ನ ಗೆಳತಿ ಊಟ ಮಾಡಲಿಲ್ಲ. ಹತ್ತು ಗಂಟೆಯ ಹೊತ್ತಿಗೆ ಒಂದು ನೂರು ಪುಟದ ನೋಟ್‌ಬುಕ್ ತಂದು ನನ್ನ ಮುಂದಿಟ್ಟು, ‘ನಿಮ್ಮ ಜನ ಆಡುವ ಪದಗಳನ್ನು ಬರೆಸು’ ಎಂದಳು. ಮೊದಲ ಪುಟದ ಮೊದಲ ಸಾಲು ‘ಸಂಕಟ’. ಆ ನೋಟ್‌ಬುಕ್ಕಿನ ವಿಷಯಕ್ಕೆ ಆಮೇಲೆ ಬರುತ್ತೇನೆ.

ಬರೆಸುತ್ತಾ ಹೋದಂತೆ ನನಗೇ ಬೆರಗಾಯಿತು. ನಾನು ಹುಟ್ಟಿನಿಂದ ಆಡಿದ ಮಾತುಗಳಲ್ಲಿ ಇಷ್ಟೊಂದು ವೈದ್ಯಕೀಯ ಇದೆ ಎಂದು ಅಲ್ಲಿಯವರೆಗೆ ತೋಚಿರಲಿಲ್ಲ. ರೋಗಿ ‘ಎದ್ದು ನಿಂತರೆ ಕಣ್ಣಿಗೆ ಕತ್ತಲೆ ಬರುತ್ತದೆ’ ಎಂದರೆ ನಿಂತಾಗ ರಕ್ತದೊತ್ತಡ ಕುಸಿಯುತ್ತಿರಬಹುದು, ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ಬಿ.ಪಿ. ನೋಡಬೇಕು. ‘ತಲೆ ಗಿರ್ರೆಂದು ತಿರುಗುತ್ತದೆ, ಮನೆಯೇ ಸುತ್ತಿದಂತಾಗುತ್ತದೆ’ ಎಂದರೆ ಒಳಗಿವಿಯ ಕಡೆ ಯೋಚಿಸಬೇಕು. ‘ನಡೆಯುವಾಗ ಜೋಲಿ ಹೋಗುತ್ತದೆ’ ಎಂದರೆ ಅದು ಸಮತೋಲದ ಮಾತು, ಕಾಲಿನ ನರ ಅಥವಾ ಮೆದುಳಿನ ಕಡೆ ನೋಡಬೇಕು. ನಮ್ಮ ರೋಗಿಗಳು ಮೂರನ್ನೂ ಬೇರೆ ಬೇರೆಯಾಗಿಯೇ ಹೇಳುತ್ತಾರೆ. ನಾವು ಚಾರ್ಟಿನಲ್ಲಿ ಮೂರಕ್ಕೂ ‘ಗಿಡ್ಡಿನೆಸ್’ ಎಂದು ಬರೆದು ಮುಗಿಸುತ್ತೇವೆ. ಕನ್ನಡದಲ್ಲಿ ಸ್ಪಷ್ಟವಾಗಿದ್ದದ್ದು ನಮ್ಮ ಕೈಯಲ್ಲಿ ಮಸುಕಾಗುತ್ತದೆ. ನೋವಿನ ವಿಷಯವೂ ಹಾಗೆಯೇ. ಕುಕ್ಕುವುದು, ಸೆಳೆಯುವುದು, ಹಿಂಡುವುದು, ಚಳುಕು, ಉರಿ, ಜೋಮು, ಭಾರ. ಬೇರೆ ಬೇರೆ ಹೆಸರಿನ ಈ ನೋವುಗಳಿಗೆ ಕಾರಣಗಳೂ ಬೇರೆ ಬೇರೆ ಇರುತ್ತವೆ.

ಇನ್ನೊಂದು ಸಂಗತಿಯನ್ನು ಹೇಳಲು ನನಗೆ ನಾಚಿಕೆಯಾಗುತ್ತದೆ, ಆದರೂ ಹೇಳಲೇಬೇಕು. ನಾವು ಬರೆಯುವ ಕೇರ್ ಪ್ಲಾನ್‌ನಲ್ಲಿ, ಅಂದರೆ ರೋಗಿಯ ಆರೈಕೆಯ ಯೋಜನೆಯಲ್ಲಿ, ಮೊದಲ ಕಾಲಮು ‘ಸಬ್ಜೆಕ್ಟಿವ್ ಡೇಟಾ’. ರೋಗಿ ತನ್ನ ಬಾಯಿಂದ ಏನು ಹೇಳಿದರೋ ಅದನ್ನು ಅವರ ಮಾತಿನಲ್ಲೇ, ಉದ್ಧರಣ ಚಿಹ್ನೆಯೊಳಗೆ ಬರೆಯಬೇಕು ಎಂಬುದು ನಿಯಮ. ಬಹಳ ಒಳ್ಳೆಯ ನಿಯಮ. ನಾವು ಅಲ್ಲಿ ಬರೆಯುವುದೇನು? ಸಂಡೂರಿನ ಗಣಿಯ ದೂಳಿನಲ್ಲಿ ಬಾಳಿದ, ಅಕ್ಷರ ಬಾರದ ಅಜ್ಜಿಯ ಬಾಯಲ್ಲಿ ಅಚ್ಚುಕಟ್ಟಾದ ಇಂಗ್ಲಿಷ್ ವಾಕ್ಯ. ಆ ವಾಕ್ಯವನ್ನು ಆ ಅಜ್ಜಿ ಎಂದೂ ಹೇಳಿಲ್ಲ. ಹಿಂದಿನ ಬ್ಯಾಚಿನವರ ಫೈಲಿನಿಂದ ಇಳಿಸಿಕೊಂಡ ವಾಕ್ಯ ಅದು. ನಾಲ್ಕು ವರ್ಷಗಳಲ್ಲಿ ನಾನು ಬರೆದ ಕೇರ್ ಪ್ಲಾನ್‌ಗಳಲ್ಲೆಲ್ಲ ರೋಗಿಗಳು ಒಂದೇ ರೀತಿ ಮಾತನಾಡಿದ್ದಾರೆ. ‘ದಮ್ಮು ಹತ್ತುತ್ತದೆ, ರಾತ್ರಿ ಎದ್ದು ಕೂತರೆ ಹಗುರಾಗುತ್ತದೆ’ ಎಂದು ಹೇಳಿದವರೂ, ‘ಧೂಳಿಗೆ ಹೋದರೆ ದಮ್ಮು’ ಎಂದವರೂ ನನ್ನ ಫೈಲಿನಲ್ಲಿ ಒಂದೇ ಸಾಲು ಹೇಳಿದ್ದಾರೆ. ಮೊದಲನೆಯವರದು ಹೃದಯದ ತೊಂದರೆಯ ಸುಳಿವು, ಎರಡನೆಯವರದು ಶ್ವಾಸಕೋಶದ್ದು. ಸುಳಿವು ಅವರ ಮಾತಿನಲ್ಲಿಯೇ ಇತ್ತು, ಅದನ್ನು ಬಿಟ್ಟು ನಾನು ಅಂಕ ಬರುವ ಸಾಲನ್ನು ಬರೆದೆ.

ಮೊದಲ ವರ್ಷಕ್ಕೆ ಹಿಂತಿರುಗುತ್ತೇನೆ. ನನ್ನಂಥವರು ಈ ಕೋರ್ಸಿಗೆ ಹೇಗೆ ಬರುತ್ತೇವೆ ಎಂಬುದು ನಿಮಗೆ ಗೊತ್ತಿರಲಿ. ಹತ್ತನೆಯ ತರಗತಿಯವರೆಗೆ ಊರಿನ ಸರ್ಕಾರಿ ಶಾಲೆ, ಕನ್ನಡ ಮಾಧ್ಯಮ. ಪಿಯುಸಿಯಲ್ಲಿ ವಿಜ್ಞಾನ, ಅಲ್ಲಿ ಇಂಗ್ಲಿಷ್ ಪುಸ್ತಕಕ್ಕೆ ಕನ್ನಡದಲ್ಲಿ ವಿವರಣೆ. ಅವ್ವ ನಾಟಿಯ ಕಾಲದಲ್ಲಿ ಗಂಗಾವತಿ ಕಡೆಗೆ ಕೂಲಿಗೆ ಹೋಗಿ ಕೂಡಿಟ್ಟ ಹಣದಲ್ಲಿ ಪುಸ್ತಕ, ಸಮವಸ್ತ್ರ, ಹಾಸ್ಟೆಲ್ಲಿನ ಮುಂಗಡ. 2012ರಲ್ಲಿ ಸಂವಿಧಾನಕ್ಕೆ 98ನೆಯ ತಿದ್ದುಪಡಿಯಾಗಿ 371(ಜೆ) ಬಂದದ್ದರಿಂದ ನಮ್ಮ ಭಾಗದ ಮಕ್ಕಳಿಗೆ ಇಲ್ಲಿನ ಕಾಲೇಜುಗಳಲ್ಲಿ ಮೀಸಲು ಸಿಕ್ಕಿತು. ಅದರ ಋಣ ನನ್ನ ಮೇಲಿದೆ. ಸೀಟು ಸಿಕ್ಕ ದಿನ ಅಪ್ಪ ಊರೆಲ್ಲ ಪೇಢೆ ಹಂಚಿದ್ದರು. ಮೊದಲ ಸೆಮಿಸ್ಟರ್‌ನ ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರದ ತರಗತಿಗಳಲ್ಲಿ ಕೂತು ನಾನು ಅಕ್ಷರಗಳನ್ನು ನೋಡುತ್ತಿದ್ದೆ, ಅರ್ಥ ಬರುತ್ತಿರಲಿಲ್ಲ. ಕೊರಳೆಲುಬು ಎಂದರೆ ನನಗೆ ಗೊತ್ತು, ಪುಸ್ತಕದಲ್ಲಿ ಅದಕ್ಕಿರುವ ಹೆಸರು ಅದೇ ಎಲುಬಿನದು ಎಂದು ತಿಳಿಯಲು ಮೊಬೈಲ್ ನೋಡಬೇಕಾಗಿತ್ತು. ನಮ್ಮಲ್ಲಿ ಒಬ್ಬಳು ದೀಪಾವಳಿ ರಜೆಗೆ ಊರಿಗೆ ಹೋದವಳು ತಿರುಗಿ ಬರಲೇ ಇಲ್ಲ. ಪಿಯುಸಿಯಲ್ಲಿ ಜೀವಶಾಸ್ತ್ರದಲ್ಲಿ ನನಗಿಂತ ಹೆಚ್ಚು ಅಂಕ ತೆಗೆದವಳು ಅವಳು.

2021ರಿಂದ ಜಾರಿಗೆ ಬಂದ ಸೆಮಿಸ್ಟರ್ ಪಠ್ಯಕ್ರಮದಲ್ಲಿ ಮೊದಲ ಸೆಮಿಸ್ಟರ್‌ಗೆ ಕಮ್ಯುನಿಕೇಟಿವ್ ಇಂಗ್ಲಿಷ್ ಇದೆ. 2 ಕ್ರೆಡಿಟ್, 40 ಗಂಟೆ. ಅದರಿಂದ ನನಗೆ ಉಪಕಾರವಾಯಿತು, ಸುಳ್ಳು ಹೇಳಲಾರೆ. ಆದರೆ ಇಂದಿಗೂ ನಾನು ವಾರ್ಡಿನಲ್ಲಿ ಕಳೆಯುವ ಎಂಟು ಗಂಟೆಗಳಲ್ಲಿ ರೋಗಿಯೊಂದಿಗೆ ಇಂಗ್ಲಿಷ್ ಆಡುವ ಸಂದರ್ಭ ಬಂದೇ ಇಲ್ಲ. ರೋಗಿಯೊಂದಿಗೆ ಆಡುವ ಮಾತಿಗೆ ಎಷ್ಟು ಗಂಟೆ ಎಂದು ಕೇಳಿದರೆ, ಕನ್ನಡ ಬಾರದವರಿಗೆ ಕನ್ನಡ ಕಲಿಸುವ ವ್ಯವಸ್ಥೆ ಇದೆಯಲ್ಲ ಎಂಬ ಉತ್ತರ ಬರಬಹುದು. ವರ್ಣಮಾಲೆ, ವಾರದ ದಿನಗಳು, ‘ಇದು ಏನು, ಅದು ಏನು’ ಕಲಿಸುವ ಕನ್ನಡ ಒಳ್ಳೆಯದೇ. ಅದನ್ನು ಕಲಿತವರಿಗೂ ‘ಹೊಟ್ಟೆ ತೊಳಸುತ್ತದೆ’ ಎಂದರೆ ವಾಕರಿಕೆ ಬರುತ್ತಿದೆ ಎಂದು ತಿಳಿಯುವುದಿಲ್ಲ. ಕನ್ನಡವೇ ಮನೆಮಾತಾದ ಬೆಂಗಳೂರಿನ ಎಷ್ಟೋ ಹುಡುಗಿಯರಿಗೂ ತಿಳಿಯುವುದಿಲ್ಲ. ನಾನು ಕೇಳುತ್ತಿರುವುದು ವಾರ್ಡಿನ ಕನ್ನಡ.

ಪ್ರಾಯೋಗಿಕ ಪರೀಕ್ಷೆಯ ಒಂದು ಮೌಖಿಕದಲ್ಲಿ ಬಾಣಂತಿಯನ್ನು ಮನೆಗೆ ಕಳುಹಿಸುವಾಗ ಏನೇನು ಹೇಳಬೇಕು ಎಂದು ಕೇಳಿದರು. ಆ ವಾರ ನಾನು ಏಳು ಜನ ಬಾಣಂತಿಯರಿಗೆ ಅದನ್ನೇ ಹೇಳಿ ಕಳುಹಿಸಿದ್ದೆ. ಒಂದು ತಾಸಿನಲ್ಲಿ ಬಟ್ಟೆ ಪೂರ್ತಿ ನೆನೆಯುವಷ್ಟು ರಕ್ತ ಹೋದರೆ ಕಾಯಬೇಡಿ, ಕೆಟ್ಟ ವಾಸನೆ ಬಂದರೆ, ಚಳಿಜ್ವರ ಬಂದರೆ, ತಲೆ ಸಿಡಿದು ಕಣ್ಣು ಮಂಜಾದರೆ, ಒಂದೇ ಕಾಲು ಊದಿ ನೋವಾದರೆ ಬನ್ನಿ. ಮಗು ಎರಡು ಸಲ ಹಾಲು ಬಿಟ್ಟರೆ ಮೂರನೆಯ ಸಲಕ್ಕೆ ಕಾಯದೆ ಕರೆತನ್ನಿ. ಮಗುವಿಗೆ ಜೇನುತುಪ್ಪ, ಸಕ್ಕರೆ ನೀರು ಬೇಡ, ಮೊದಲು ಬರುವ ಗಟ್ಟಿ ಹಳದಿ ಹಾಲನ್ನು ಹಿಂಡಿ ಚೆಲ್ಲಬೇಡಿ. ಇದಿಷ್ಟೂ ನನ್ನ ನಾಲಿಗೆಯ ತುದಿಯಲ್ಲಿತ್ತು. ಇಂಗ್ಲಿಷಿನಲ್ಲಿ ಹೇಳಲು ಹೊರಟು ಮೂರನೆಯ ವಾಕ್ಯಕ್ಕೆ ನಿಂತೆ. ಪರೀಕ್ಷಕರು ಸೌಜನ್ಯದವರು, ಕಾದರು. ಅವರ ಮುಂದಿದ್ದ ಅಂಕಪಟ್ಟಿಯಲ್ಲಿ ನನ್ನ ಕನ್ನಡಕ್ಕೆ ಜಾಗವಿರಲಿಲ್ಲ, ಅವರಾದರೂ ಏನು ಮಾಡಿಯಾರು? ನನ್ನ ನಂತರ ಬಂದವಳು ನಿರರ್ಗಳವಾಗಿ ಒಪ್ಪಿಸಿ ಹೆಚ್ಚು ಅಂಕ ಪಡೆದಳು. ಅವಳ ಬಗ್ಗೆ ನನಗೆ ಹೊಟ್ಟೆಕಿಚ್ಚಿಲ್ಲ. ಆದರೆ ಮರುದಿನ ವಾರ್ಡಿನಲ್ಲಿ ಬಾಣಂತಿಗೆ ಹೇಳಲು ಅವಳು ನನ್ನನ್ನೇ ಕರೆದಳು.

ಕರೆಯುವುದು ಅವಳೊಬ್ಬಳೇ ಅಲ್ಲ. ‘ಏನು ಹೇಳುತ್ತಿದ್ದಾರೆ ಕೇಳಿ ಹೇಳಮ್ಮ’ ಎಂದು ವೈದ್ಯರು ಕರೆಯುತ್ತಾರೆ, ಬೇರೆ ಊರಿನಿಂದ ಬಂದ ಪಿ.ಜಿ. ವಿದ್ಯಾರ್ಥಿಗಳು ಕರೆಯುತ್ತಾರೆ. ಸಂತೋಷದಿಂದ ಹೋಗುತ್ತೇನೆ. ಲಾಗ್ ಬುಕ್ಕಿನಲ್ಲಿ ಕ್ಯಾತಿಟರ್ ಹಾಕಿದ್ದಕ್ಕೆ ಸಹಿ ಇದೆ, ಡ್ರೆಸ್ಸಿಂಗ್ ಮಾಡಿದ್ದಕ್ಕೆ ಸಹಿ ಇದೆ, ಹೆರಿಗೆಗೆ ನಿಂತದ್ದಕ್ಕೆ ಸಹಿ ಇದೆ. ಈ ಕೆಲಸಕ್ಕೆ ಒಂದು ಗೆರೆಯೂ ಇಲ್ಲ.

ಸಮುದಾಯ ಆರೋಗ್ಯದ ಪೋಸ್ಟಿಂಗ್‌ನಲ್ಲಿ ಹಳ್ಳಿಯೊಂದಕ್ಕೆ ಹೋಗಿದ್ದೆವು. ಏಳು ತಿಂಗಳ ಬಸುರಿ, ಮೊದಲ ಸಲ ತಪಾಸಣೆಗೆ ಬಂದವಳು. ಕೊನೆಯ ಮುಟ್ಟಿನ ದಿನಾಂಕ ಕೇಳಿದರೆ ಗೊತ್ತಿಲ್ಲ ಎಂದಳು. ನನ್ನ ಜೊತೆಯವರು ಕಾರ್ಡಿನಲ್ಲಿ ‘ತಿಳಿದಿಲ್ಲ’ ಎಂದು ಬರೆಯುವುದರಲ್ಲಿದ್ದರು. ನಾನು ಪಕ್ಕದಲ್ಲಿ ಕೂತು, ‘ಯಾವ ಹಬ್ಬದ ಆಸುಪಾಸಿನಲ್ಲಿ ಹೊರಗಾಗಿದ್ದೆ ತಂಗಿ?’ ಎಂದು ಕೇಳಿದೆ. ಉತ್ತರ ತಟ್ಟನೆ ಬಂತು: ‘ಕಾರಹುಣ್ಣಿಮೆಗೆ ಎತ್ತು ಓಡಿಸಿದರಲ್ಲ ಅಕ್ಕಾ, ಅದಾಗಿ ಎಂಟು ದಿನಕ್ಕೆ.’ ಗೋಡೆಯ ಕ್ಯಾಲೆಂಡರ್ ತಿರುವಿದೆವು. ಜೂನ್ 29. ಏಳು ದಿನ ಕೂಡಿಸಿ, ಒಂಬತ್ತು ತಿಂಗಳು ಮುಂದೆ ಎಣಿಸಿದರೆ ಏಪ್ರಿಲ್ 6. ಹೆರಿಗೆಯ ದಿನ ಸಿಕ್ಕಿತು. ಅಷ್ಟು ತಡವಾಗಿ ಬಂದವರಲ್ಲಿ ಸ್ಕ್ಯಾನಿಂಗ್ ಹೇಳುವ ದಿನದಲ್ಲಿ ವಾರಗಟ್ಟಲೆ ವ್ಯತ್ಯಾಸ ಬರಬಹುದು, ಆದ್ದರಿಂದ ಮುಟ್ಟಿನ ದಿನ ಗೊತ್ತಿರುವುದು ಚಿಕ್ಕ ವಿಷಯವಲ್ಲ. ದಿನ ಮೀರಿತೋ, ತಿಂಗಳು ತುಂಬುವ ಮೊದಲೇ ಬೇನೆ ಬಂತೋ ಎಂದು ತೀರ್ಮಾನಿಸುವುದು ಅದರ ಮೇಲೆಯೇ. ಕೊಪ್ಪಳ ಸೀಮೆಯಲ್ಲಾದರೆ ‘ಗವಿಮಠದ ತೇರು ಎಳೆದ ಮರುದಿನ’ ಎನ್ನುತ್ತಾರೆ. ಎಳ್ಳಮಾವಾಸ್ಯೆ, ನಾಗರಪಂಚಮಿ, ಸೀಗೆ ಹುಣ್ಣಿಮೆ, ಹೀಗೆ ನಮ್ಮ ಹೆಂಗಸರಿಗೆ ದಿನಾಂಕಗಳೆಲ್ಲ ಗೊತ್ತು, ಕೇಳುವ ರೀತಿ ನಮಗೆ ಗೊತ್ತಿರಬೇಕು. ಅಂದಹಾಗೆ, ‘ಹೊರಗಾಗುವುದು’ ಎಂದರೆ ಮುಟ್ಟಾಗುವುದು ಎಂದು ನಮ್ಮ ತಂಡದ ಆರು ಜನರಲ್ಲಿ ನಾಲ್ವರಿಗೆ ತಿಳಿದಿರಲಿಲ್ಲ.

ಇಂಗ್ಲಿಷ್ ಬೇಡ ಎಂದು ನಾನು ಹೇಳುತ್ತಿದ್ದೇನೆ ಎಂದು ದಯವಿಟ್ಟು ತಿಳಿಯಬೇಡಿ. ಔಷಧಗಳ ಹೆಸರು, ಹೊಸ ಸಂಶೋಧನೆ, ವೈದ್ಯರ ಆದೇಶ ಎಲ್ಲ ಇಂಗ್ಲಿಷಿನಲ್ಲಿವೆ, ಒಂದು ಅಕ್ಷರ ತಪ್ಪಿದರೆ ಜೀವಕ್ಕೆ ಸಂಚಕಾರ. ನಮ್ಮಲ್ಲಿ ಅನೇಕರು ಹೊರದೇಶಕ್ಕೆ ಹೋಗುವ ಆಸೆಯವರು, ಆ ಆಸೆ ತಪ್ಪಲ್ಲ. ಆದರೆ ಹೊರದೇಶಗಳೇ ಏನು ಕೇಳುತ್ತವೆ ನೋಡಿ. ಜರ್ಮನಿಯಲ್ಲಿ ನರ್ಸ್ ಆಗಲು ಸಾಮಾನ್ಯವಾಗಿ ಬಿ2 ಮಟ್ಟದ, ಅಂದರೆ ಸರಾಗವಾಗಿ ಮಾತನಾಡುವಷ್ಟು, ಜರ್ಮನ್ ಬರಬೇಕು. ಬ್ರಿಟನ್ನಿಗೆ ಹೋಗುವ ಅನೇಕರು ಬರೆಯುವ ಒಇಟಿ ಎಂಬ ಇಂಗ್ಲಿಷ್ ಪರೀಕ್ಷೆಯಲ್ಲಿ ನರ್ಸ್ ಮತ್ತು ರೋಗಿಯ ಸಂಭಾಷಣೆಯನ್ನೇ ಆಡಿಸಿ ಅಂಕ ಕೊಡುತ್ತಾರೆ. ಜರ್ಮನಿಯ ಅಜ್ಜಿಯ ನೋವು ಅವಳ ಭಾಷೆಯಲ್ಲಿ ನರ್ಸ್‌ಗೆ ಅರ್ಥವಾಗಲೇಬೇಕು ಎಂದು ಆ ದೇಶ ಹಟ ಹಿಡಿದಿದೆ. ನಮ್ಮ ಹಾಸ್ಟೆಲಿನಲ್ಲಿ ಮೂವರು ಈಗ ರಾತ್ರಿ ಹನ್ನೊಂದರವರೆಗೆ ಜರ್ಮನ್ ಕ್ರಿಯಾಪದ ಉರು ಹೊಡೆಯುತ್ತಿದ್ದಾರೆ. ಕುಷ್ಟಗಿಯ ಅಜ್ಜಿಗೂ ಅಂಥದೇ ಒಂದು ಹಕ್ಕು ಇದೆ ಎಂದು ನಾವೇಕೆ ಹಟ ಹಿಡಿಯಬಾರದು?

ಬಳ್ಳಾರಿಯಲ್ಲಿ ಕನ್ನಡವೊಂದೇ ಸಾಲದು ಎಂಬುದೂ ನನಗೆ ಗೊತ್ತು. ಗಡಿಯಾಚೆಯಿಂದ ರಾಯದುರ್ಗ, ಆದೋನಿ ಕಡೆಯವರು ಬರುತ್ತಾರೆ, ತೆಲುಗು ಮಾತನಾಡುತ್ತಾರೆ. ಊರೊಳಗೆ ಉರ್ದು ಮನೆಮಾತಿನವರಿದ್ದಾರೆ, ತಾಂಡಾಗಳಿಂದ ಲಂಬಾಣಿ ಆಡುವವರು ಬರುತ್ತಾರೆ. ಕನ್ನಡದಿಂದ ಶುರು ಮಾಡಿದರೆ, ಕೇಳುವ ಅಭ್ಯಾಸವೊಂದು ಬಿದ್ದರೆ, ಉಳಿದದ್ದು ಅದರ ಹಿಂದೆಯೇ ಬರುತ್ತದೆ. ನಮ್ಮ ನೋಟ್‌ಬುಕ್ಕಿನಲ್ಲಿ ಈಗ ತೆಲುಗಿಗೂ ಒಂದು ಕಾಲಮು ಎಳೆದಿದ್ದೇವೆ.

2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡದ್ದು ನಾಡಿಗೆಲ್ಲ ಗೊತ್ತು. ಅವರಿಗೆ ಕೊಟ್ಟ ಐವಿ ದ್ರಾವಣದ ಗುಣಮಟ್ಟವೇ ಪ್ರಶ್ನೆಯಾಯಿತು. ಅದಕ್ಕೂ ಭಾಷೆಗೂ ಸಂಬಂಧವಿಲ್ಲ, ಸಂಬಂಧ ಕಲ್ಪಿಸುವುದು ಪಾಪ. ಆದರೆ ಆಮೇಲಿನ ದಿನಗಳನ್ನು ನಾವು ಕಂಡಿದ್ದೇವೆ. ಸಲಾಯಿನ್ ಬಾಟಲಿ ಕಂಡರೆ ಬಸುರಿಯರು ಕೈ ಹಿಂದೆಗೆದುಕೊಳ್ಳುತ್ತಿದ್ದರು, ಅತ್ತೆಯಂದಿರು ಅಡ್ಡ ನಿಲ್ಲುತ್ತಿದ್ದರು. ಆಗ ಬಾಟಲಿಯ ಮೇಲಿನ ತಾರೀಖು ತೋರಿಸಿ, ದ್ರಾವಣ ತಿಳಿಯಾಗಿದೆಯೋ ಇಲ್ಲವೋ ಬೆಳಕಿಗೆ ಹಿಡಿದು ತೋರಿಸಿ, ‘ಇದನ್ನು ಏಕೆ ಹಾಕುತ್ತೇವೆ, ಹಾಕಿದ ಮೇಲೆ ಚಳಿ ನಡುಕ ಬಂದರೆ ತಕ್ಷಣ ಕೂಗಿ, ನಾನು ಇಲ್ಲೇ ಇರುತ್ತೇನೆ’ ಎಂದು ಅವರ ಮಾತಿನಲ್ಲಿ ಹೇಳಬಲ್ಲವರು ಬೇಕಾಗಿತ್ತು. ಹೇಳಿದಾಗ ಅವರು ಕೈ ಚಾಚಿದರು. ಹೊಸ ಪಠ್ಯಕ್ರಮದ ಸೂಲಗಿತ್ತಿ ವಿಭಾಗದಲ್ಲಿ ತಾಯಂದಿರನ್ನು ಗೌರವದಿಂದ ನೋಡಿಕೊಳ್ಳಬೇಕು ಎಂದೇ ಒಂದು ಪಾಠವಿದೆ. ಅರ್ಥವಾಗುವ ಮಾತಿನಲ್ಲಿ ಹೇಳಿ ಒಪ್ಪಿಗೆ ಪಡೆಯುವುದು ಆ ಗೌರವದ ಮೊದಲ ಅಕ್ಷರ.

ಇನ್ನು ನನ್ನ ಬೇಡಿಕೆಗಳು. ಹಣ ಬೇಕಾದವು ಕಡಿಮೆ, ಮನಸ್ಸು ಬೇಕಾದವೇ ಹೆಚ್ಚು.

ಕೇರ್ ಪ್ಲಾನ್‌ನ ಸಬ್ಜೆಕ್ಟಿವ್ ಡೇಟಾ ಕಾಲಮಿನಲ್ಲಿ ರೋಗಿಯ ಮಾತನ್ನು ಕನ್ನಡ ಲಿಪಿಯಲ್ಲಿ, ಅವರು ಆಡಿದಂತೆಯೇ ಬರೆಯಲು ಅವಕಾಶ ಕೊಡಿ. ಅದರ ಕೆಳಗೆ ಇಂಗ್ಲಿಷ್ ಅರ್ಥವನ್ನು ಬರೆಯುತ್ತೇವೆ. ಇದಕ್ಕೆ ಹೊಸ ನಿಯಮವೂ ಬೇಡ, ಇರುವ ನಿಯಮವನ್ನು ಅಕ್ಷರಶಃ ಪಾಲಿಸಿದರೆ ಸಾಕು. ಪ್ರಾಂಶುಪಾಲರು ಮನಸ್ಸು ಮಾಡಿದರೆ ಬರುವ ಸೋಮವಾರದಿಂದಲೇ ಆಗುತ್ತದೆ.

ಎರಡನೆಯದು ಪರೀಕ್ಷೆಗೆ ಸೇರಿದ್ದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯ. ಈಗಿನ ಪ್ರಾಯೋಗಿಕ ಪರೀಕ್ಷೆಗಳಲ್ಲಿ ಒಎಸ್‌ಸಿಇ ಪದ್ಧತಿ ಇದೆ. ವಿದ್ಯಾರ್ಥಿ ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗುತ್ತಾ, ಪ್ರತಿ ಮೇಜಿನಲ್ಲೂ ನಿಗದಿತ ನಿಮಿಷಗಳಲ್ಲಿ ಒಂದೊಂದು ಕೆಲಸ ಮಾಡಿ ತೋರಿಸಬೇಕು, ಪರೀಕ್ಷಕರು ಪಟ್ಟಿ ನೋಡಿ ಅಂಕ ಹಾಕುತ್ತಾರೆ. ಅವುಗಳಲ್ಲಿ ಒಂದೇ ಒಂದು ಮೇಜನ್ನು ಕನ್ನಡಕ್ಕೆ ಬಿಟ್ಟುಕೊಡಿ. ಅಲ್ಲಿ ರೋಗಿಯಂತೆ ಕೂತವರು ಕನ್ನಡದಲ್ಲಿ ತಮ್ಮ ತೊಂದರೆ ಹೇಳಲಿ. ವಿದ್ಯಾರ್ಥಿ ಕನ್ನಡದಲ್ಲಿ ವಿಚಾರಿಸಿ, ಮುಖ್ಯಾಂಶವನ್ನು ಇಂಗ್ಲಿಷಿನಲ್ಲಿ ಬರೆದು ಕೊಡಲಿ. ಅಥವಾ ರಕ್ತ ಕಡಿಮೆಯಿರುವ ಬಸುರಿಗೆ ಕಬ್ಬಿಣದ ಮಾತ್ರೆಯ ಬಗ್ಗೆ ಹೇಳಲಿ: ಚಹಾದ ಜೊತೆ ನುಂಗಬಾರದು, ಮಲ ಕಪ್ಪಾಗುತ್ತದೆ, ಹೆದರಿ ಬಿಡಬಾರದು. ನಮ್ಮ ಹಳ್ಳಿಗಳಲ್ಲಿ ಮಲ ಕಪ್ಪಾಯಿತೆಂದು ಮಾತ್ರೆಗಳನ್ನು ಕಪಾಟಿಗೆ ಸೇರಿಸಿದವರು ಎಷ್ಟು ಜನ! ಒಂದು ಮೇಜಿಗೆ ಅಂಕ ಬಂದರೆ ವರ್ಷವಿಡೀ ಎಲ್ಲರೂ ಅದನ್ನು ಕಲಿಯುತ್ತಾರೆ. ಪರೀಕ್ಷೆಗೆ ಬಾರದ್ದನ್ನು ಯಾರೂ ಕಲಿಯುವುದಿಲ್ಲ, ನಾವು ವಿದ್ಯಾರ್ಥಿಗಳು ಎಂಥವರೆಂದು ನಿಮಗೆ ಗೊತ್ತೇ ಇದೆ.

ಮೊದಲ ಸೆಮಿಸ್ಟರ್‌ನ ಆಂತರಿಕ ಪರೀಕ್ಷೆಗಳಲ್ಲಿ ಪ್ರಶ್ನೆಗಳು ಇಂಗ್ಲಿಷಿನ ಜೊತೆ ಕನ್ನಡದಲ್ಲೂ ಇರಲಿ. ಉತ್ತರ ಇಂಗ್ಲಿಷಿನಲ್ಲೇ ಬರೆಯುತ್ತೇವೆ. ದೀಪಾವಳಿಗೆ ಹೋಗಿ ತಿರುಗಿ ಬಾರದ ಆ ನನ್ನ ಗೆಳತಿಯನ್ನು ನೆನೆದು ಇದನ್ನು ಕೇಳುತ್ತಿದ್ದೇನೆ.

2023ರಲ್ಲಿ ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗ ಕಾಯ್ದೆ ಬಂದಿದೆ, 1947ರ ಹಳೆಯ ಕಾಯ್ದೆಯ ಜಾಗವನ್ನು ತುಂಬಲೆಂದು. ಹೊಸ ವ್ಯವಸ್ಥೆಯಲ್ಲಿ ಪಠ್ಯ, ಪರೀಕ್ಷೆ ಎಲ್ಲವೂ ಮತ್ತೊಮ್ಮೆ ಚರ್ಚೆಗೆ ಬರುತ್ತವೆ. ಆ ಚರ್ಚೆಯಲ್ಲಿ ಕೂರುವ ಕರ್ನಾಟಕದವರು ಇದನ್ನು ಎತ್ತಬೇಕೆಂದು ಕೈಮುಗಿದು ಕೇಳುತ್ತೇನೆ. ಕನ್ನಡಕ್ಕಾಗಿ ಕೇಳಲು ಸಂಕೋಚವಾದರೆ ‘ರೋಗಿಯ ಭಾಷೆ’ ಎಂದು ಕೇಳಿ. ಒಡಿಶಾದವರಿಗೂ ಅಸ್ಸಾಮಿನವರಿಗೂ ಅದು ಬೇಕಾದದ್ದೇ.

ಕೊನೆಯದಾಗಿ ನೋಟ್‌ಬುಕ್. ನನ್ನ ಕೇರಳದ ಗೆಳತಿ ಈಗ ವಾರ್ಡಿನಲ್ಲಿ ನನ್ನನ್ನು ಕರೆಯುವುದಿಲ್ಲ. ರೋಗಿಯ ತಲೆದಿಂಬಿನ ಬಳಿ ಬಗ್ಗಿ, ತನ್ನ ಉಚ್ಚಾರದಲ್ಲಿ, ‘ಎಲ್ಲಿ ಕುಕ್ಕುತ್ತದೆ, ಎಷ್ಟಾಣೆ?’ ಎಂದು ತಾನೇ ಕೇಳುತ್ತಾಳೆ. ನೋಟ್‌ಬುಕ್ಕಿನಲ್ಲಿ 312 ಸಾಲುಗಳಾಗಿವೆ. ಎಡಕ್ಕೆ ರೋಗಿಯ ಪದ, ನಡುವೆ ಅದನ್ನು ಹೇಳಿದಾಗ ನಾವು ಏನು ನೋಡಬೇಕು ಎಂಬುದು, ಬಲಕ್ಕೆ ಇಂಗ್ಲಿಷ್. ವಾರ್ಡಿನ ಇಬ್ಬರು ಹಿರಿಯ ಸಿಸ್ಟರ್‌ಗಳು ತಿದ್ದಿಕೊಟ್ಟಿದ್ದಾರೆ. ಆದರೂ ತಪ್ಪುಗಳು ಇರಬಹುದು, ಬಲ್ಲ ವೈದ್ಯರು, ಭಾಷೆ ಬಲ್ಲವರು ಕೂತು ನೋಡಬೇಕು. ರಾಯಚೂರಿನ, ಬೀದರಿನ, ಯಾದಗಿರಿಯ ಪದಗಳು ಇದರಲ್ಲಿಲ್ಲ, ಅಲ್ಲಿನ ವಿದ್ಯಾರ್ಥಿಗಳು ಸೇರಿಸಬೇಕು. ಯಾವ ಕಾಲೇಜಿನವರು ಕೇಳಿದರೂ ಜೆರಾಕ್ಸ್ ಮಾಡಿಸಿ ಕೊಡುತ್ತೇವೆ. ಪುಸ್ತಕವಾಗಿ ಅಚ್ಚು ಹಾಕಿಸುವುದಾದರೆ ನಮ್ಮ ಹೆಸರು ಹಾಕುವುದು ಬೇಡ. ನಿನ್ನೆ ರಾತ್ರಿ ಪಾಳಿಯಲ್ಲಿ ಸೇರಿಸಿದ ಕೊನೆಯ ಸಾಲು ‘ನೀರಡಿಕೆ’. ಅದರ ಪಕ್ಕ ಅವಳು ಬರೆದಿದ್ದಾಳೆ: ಬಾಯಾರಿಕೆ, ಮೊದಲು ಸಕ್ಕರೆ ಪರೀಕ್ಷಿಸು, ಬಿ.ಪಿ. ನೋಡು, ಆಪರೇಷನ್ ಆಗಿದ್ದರೆ ಕೇಳದೆ ನೀರು ಕೊಡಬೇಡ, ತುಟಿ ಒದ್ದೆ ಮಾಡು.

ಇಂತಿ ನಿಮ್ಮ ವಿಧೇಯ ವಿದ್ಯಾರ್ಥಿನಿ,
ಬಿ.ಎಸ್ಸಿ. ನರ್ಸಿಂಗ್, ಎಂಟನೆಯ ಸೆಮಿಸ್ಟರ್, ಬಳ್ಳಾರಿ